ಶಿವಗಂಗೆಯ ಗುಡ್ಡವೂ ನೆಹರು ನಗರದ ಓದುಗರೂ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹಾದಿಯಲ್ಲಿ, ಡಾಬಸ್‌ಪೇಟೆಯ ಬಳಿ ತಿರುಗಿಕೊಂಡರೆ, ಶಿವಗಂಗೆಯ ಬೆಟ್ಟ ಎದುರಾಗುತ್ತದೆ. ಗಂಗಾಧರೇಶ್ವರನ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂದು ಭಕ್ತರು ನಂಬುವ ಕ್ಷೇತ್ರ ಅದು. ಒಳಕಲ್ಲು ತೀರ್ಥದ ಕುಳಿಯಲ್ಲಿ ಕೈಯಿಟ್ಟು, ನೀರು ಬೆರಳಿಗೆ ತಗುಲಿತೋ ಇಲ್ಲವೋ ಎಂಬುದರ ಮೇಲೆ ತಮ್ಮ ತಮ್ಮ ಪುಣ್ಯವನ್ನು ಅಳೆದುಕೊಳ್ಳುವ ಸ್ಥಳವೂ ಹೌದು. ಇಷ್ಟನ್ನೆಲ್ಲ ಮುಗಿಸಿ, ಏದುಸಿರು ಬಿಡುತ್ತ ನೆತ್ತಿಗೆ ಹತ್ತಿದವರಿಗೆ ಅಲ್ಲೊಂದು ಕಡಿದಾದ ಅಂಚನ್ನು ತೋರಿಸುವುದುಂಟು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಪ್ರಾಣ ಬಿಡಲು ಹಾರಿದ್ದು ಇಲ್ಲಿಂದಲೇ ಎಂದು ಹೇಳುವವರ ದನಿಯಲ್ಲಿ ಸಂದೇಹದ ಎಳೆಯೂ ಇರುವುದಿಲ್ಲ. ಕೇಳಿದವರು ಒಮ್ಮೆ ಕೆಳಗೆ ಬಗ್ಗಿ ನೋಡುತ್ತಾರೆ, ಹಿಂದಕ್ಕೆ ಸರಿಯುತ್ತಾರೆ, ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ.

ಇಷ್ಟು ನಿಶ್ಚಯವಾಗಿ ಹೇಳಲು ಆಧಾರವೆಲ್ಲಿಯದು? ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಲೆಯೇ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯಿದೆ. ಅಲ್ಲಿಯ ಶಾಸನವೊಂದು ಆಕೆಯ ಮರಣವನ್ನು ಹೇಳುತ್ತದೆ. ವಿರೋಧಿಕೃತ್ ಸಂವತ್ಸರದ ಚೈತ್ರ ಮಾಸ, ಎಂದರೆ 1131ನೆಯ ಇಸವಿ. ಸ್ಥಳ ಶಿವಗಂಗೆಯ ತೀರ್ಥ. ಮಗಳ ಅಗಲಿಕೆಯನ್ನು ತಾಳಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸನ್ಯಸನ ಕೈಕೊಂಡು ದೇಹ ಬಿಟ್ಟಳೆಂಬ ವೃತ್ತಾಂತವೂ ಅಲ್ಲಿಯೇ ಇದೆ. ತಾಯಿ ಹೇಗೆ ಸತ್ತಳೆಂಬುದನ್ನು ಬಿಡಿಸಿ ಹೇಳಿದ ಶಾಸನ ಮಗಳ ವಿಷಯದಲ್ಲಿ ಒಂದೇ ಕ್ರಿಯಾಪದಕ್ಕೆ ನಿಂತುಬಿಟ್ಟಿದೆ: ‘ಮುಡಿಪಿ’. ಬಾಳನ್ನು ಮುಗಿಸಿ ಎಂದೂ, ವ್ರತದಿಂದ ದೇಹವಿಟ್ಟು ಎಂದೂ ಎಳೆಯಬಹುದಾದ ಹಳಗನ್ನಡದ ಮಾತು ಅದು. ಗುಡ್ಡದ ಅಂಚಾಗಲಿ, ಹಾರಿದ ಸಂಗತಿಯಾಗಲಿ ಅಲ್ಲಿ ಇಲ್ಲ. ಆ ಅಂಚನ್ನು ಜನದ ಬಾಯಿ ಕಟ್ಟಿತು. ಅದನ್ನು ಮನೆಮನೆಗೆ ಮುಟ್ಟಿಸಿದ್ದು ಒಂದು ಕಾದಂಬರಿ.

ಆ ಕಾದಂಬರಿ ಕೆ. ವಿ. ಅಯ್ಯರವರ ‘ಶಾಂತಲಾ’. ಬರೆದವರು ಪಂಡಿತರಲ್ಲ, ಪೈಲವಾನರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಯಿಸಿ ತರುಣರ ಎದೆ ತೋಳುಗಳನ್ನು ತಿದ್ದಿದವರು. ಕೈಲಾಸಂ ಅವರ ಆಪ್ತರು. ಕಬ್ಬಿಣದ ಗುಂಡುಗಳನ್ನು ಎತ್ತಿದ ಅದೇ ಕೈ ಹೊಯ್ಸಳರ ರಾಣೀವಾಸದ ಪಿಸುಮಾತನ್ನು ಅಷ್ಟು ಮೃದುವಾಗಿ ಹಿಡಿದದ್ದು ಕನ್ನಡ ಸಾಹಿತ್ಯದ ಸೋಜಿಗಗಳಲ್ಲಿ ಒಂದು. ಶಾಂತಲೆ ಮತ್ತು ಲಕ್ಷ್ಮಿ ಎಂಬ ಇಬ್ಬರು ಗೆಳತಿಯರು, ಅವರ ನಡುವೆ ಒಬ್ಬ ಅರಸು, ನೃತ್ಯ, ಶಿಲ್ಪ, ಬೇಲೂರು, ಕೊನೆಗೆ ತನ್ನನ್ನು ತಾನೇ ಬಲಿಗೊಡುವ ಶಾಂತಲೆ. ಮೂರು ತಲೆಮಾರಿನ ಕನ್ನಡಿಗರು ಈ ಕಥೆಯನ್ನು ಓದಿ ದಿಂಬು ನೆನೆಯಿಸಿಕೊಂಡಿದ್ದಾರೆ. ವಿಮರ್ಶಕರು ಇದನ್ನು ಕುರಿತು ಏನು ಹೇಳಿದರೆಂಬುದು ಪುಸ್ತಕಗಳಲ್ಲಿ ಸಿಕ್ಕುತ್ತದೆ. ಓದಿದವರು ಏನೆಂದರೆಂಬುದು ಎಲ್ಲಿ ಸಿಕ್ಕೀತು? ಓದುಗರ ಅಭಿಪ್ರಾಯ ಹಿತ್ತಿಲ ಬಾಗಿಲಲ್ಲಿ ಹುಟ್ಟಿ, ಚಹಾದ ಬಟ್ಟಲು ತಣಿಯುವುದರೊಳಗೆ ತೀರಿಹೋಗುವ ವಸ್ತು.

ಅಪೂರ್ವವಾಗಿ, ಬೆಳಗಾವಿಯ ನೆಹರು ನಗರದ ಒಂದು ಮನೆಯಲ್ಲಿ ಅದು ತೀರಿಹೋಗದೆ ಉಳಿದಿದೆ.

ನೆಹರು ನಗರವೆಂದರೆ ಹೊರ ಊರಿನವರಿಗೆ ಮುಖ್ಯವಾಗಿ ಆಸ್ಪತ್ರೆ. 1916ರಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ 1963ರಲ್ಲಿ ಸ್ಥಾಪಿಸಿದ ವೈದ್ಯಕೀಯ ಕಾಲೇಜೂ ಮುಂದೆ ಕಟ್ಟಿದ ದೊಡ್ಡ ಆಸ್ಪತ್ರೆಯೂ ಇಲ್ಲಿಯೇ ಇವೆ. ಗೋಕಾಕ, ಅಥಣಿ, ಬಾಗಲಕೋಟೆಗಳ ಕಡೆಯಿಂದಲೂ, ಘಟ್ಟದಾಚೆಯ ಗೋವೆಯಿಂದಲೂ, ಗಡಿಯಾಚೆಯ ಚಂದಗಡದಿಂದಲೂ ರೋಗಿಗಳು ಬರುತ್ತಾರೆ. ರೋಗಿಯೊಬ್ಬನ ಹಿಂದೆ ಮೂವರು ಜೊತೆಗಾರರು ಬರುತ್ತಾರೆ. ಒಳಗೆ ಬಿಡುವ ಸಮಯ ಸ್ವಲ್ಪ, ಹೊರಗೆ ಕಾಯುವ ಸಮಯ ಬಹಳ. ರೊಟ್ಟಿಯ ಗಂಟು, ಹೊದಿಕೆ, ಎಕ್ಸ್‌ರೇ ಲಕ್ಕೋಟೆಗಳನ್ನು ಹಿಡಿದುಕೊಂಡು ಬಾಡಿಗೆಯ ಕೋಣೆ ಹುಡುಕುವವರ ಕಾಲ ಸಪ್ಪಳ ಅಲ್ಲಿಯ ಓಣಿಗಳಿಗೆ ಹೊಸದಲ್ಲ.

ಅಂಥದೊಂದು ಓಣಿಯಲ್ಲಿ ಎಂಬತ್ತು ದಾಟಿದ ನಿವೃತ್ತ ಪ್ರಾಥಮಿಕ ಶಿಕ್ಷಕಿಯೊಬ್ಬರ ಮನೆ. ಓಣಿಗೆಲ್ಲ ಅವರು ‘ಅಕ್ಕೋರು’. ಗಂಡ ತೀರಿದ್ದಾರೆ, ಮಗ ಪುಣೆಯಲ್ಲಿದ್ದಾನೆ. ಮುಂದಿನ ಕೋಣೆಯನ್ನು ಆಸ್ಪತ್ರೆಗೆ ಬಂದವರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಾರೆ. ಬಾಡಿಗೆಯ ವಿಷಯದಲ್ಲಿ ಅಕ್ಕೋರು ಬಿಗಿ. ಆದರೆ ರಾತ್ರಿ ನಿದ್ದೆ ಬಾರದವರಿಗೆಂದು ಗೋಡೆಯ ಮಾಡದಲ್ಲಿ ಹತ್ತಿಪ್ಪತ್ತು ಪುಸ್ತಕ ಇಟ್ಟಿರುವ ಉದಾರತೆ ಅವರಿಗುಂಟು. ಗಳಗನಾಥರ ಒಂದೆರಡು ಹಳೆಯ ಪ್ರತಿಗಳಿವೆ. ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದ ಗಳಗನಾಥರಿಗೆ, ತಮ್ಮ ಪುಸ್ತಕ ಮುಂದೊಮ್ಮೆ ಇಂಥ ಕೋಣೆಯಲ್ಲಿ ಕುಳಿತೀತೆಂದರೆ ಸಂತೋಷವೇ ಆಗುತ್ತಿತ್ತು. ತ. ರಾ. ಸು. ಅವರ ದುರ್ಗದ ಕಾದಂಬರಿಗಳಿವೆ. ಆದರೆ ಬೆನ್ನು ಮುರಿಯುವಷ್ಟು ಓದಿಸಿಕೊಂಡದ್ದು ‘ಶಾಂತಲಾ’ ಒಂದೇ.

ಮೊದಲು ಬರೆದ ಓದುಗ ಯಾರೋ ಅಕ್ಕೋರಿಗೆ ನೆನಪಿಲ್ಲ. ಪುಸ್ತಕದ ಕೊನೆಯ ಖಾಲಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ, ‘ರಾತ್ರಿ ಮೂರಕ್ಕೆ ಮುಗಿಸಿದೆ. ಅಪ್ಪನ ಜ್ವರ ಇಳಿದಿದೆ. ರಾಣಿ ಸಾಯಬಾರದಿತ್ತು’ ಎಂದಷ್ಟೇ ಇದೆ. ಪುಸ್ತಕದ ಮೇಲೆ ಗೀಚುವವರ ಕಿವಿ ಹಿಂಡಿ ಬದುಕು ಸವೆಸಿದ ಅಕ್ಕೋರಿಗೆ ಆಗ ಸಿಟ್ಟು ಬಂದದ್ದು ಸಹಜ. ಆದರೆ ಮುಂದಿನವರು ಅದರ ಕೆಳಗೆ ಉತ್ತರ ಬರೆದರು. ಅದರ ಮುಂದಿನವರು ಆ ಉತ್ತರಕ್ಕೆ ಉತ್ತರ ಬರೆದರು. ಹಾಳೆ ತುಂಬಿತು. ಅಕ್ಕೋರು ಒಂದು ದಿನ ಎರಡು ರೇಘೆಯ ನೋಟುಪುಸ್ತಕದ ಹತ್ತು ಹಾಳೆ ಹರಿದು, ದಬ್ಬಣದಿಂದ ತೂತು ಹಾಕಿ, ದಾರದಿಂದ ಹಿಂದಿನ ರಟ್ಟಿಗೆ ಹೊಲಿದರು. ಸಿಟ್ಟು ಬಂದಾಗಲೂ ಗೆರೆ ನೇರವಾಗಿರಬೇಕೆಂಬುದು ಶಿಕ್ಷಕರ ಸ್ವಭಾವ.

ಆ ಹಾಳೆಗಳನ್ನು ತಿರುವಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಭಾಷೆ ಚೆನ್ನಾಗಿದೆ, ಪಾತ್ರಪೋಷಣೆ ಚೆನ್ನಾಗಿದೆ ಎಂಬ ಮಾತು ಎರಡೋ ಮೂರೋ ಕಡೆ ಮಾತ್ರ. ಉಳಿದವರೆಲ್ಲ ಜಗಳಕ್ಕೆ ನಿಂತಿರುವುದು ಕೊನೆಯ ಅಧ್ಯಾಯದೊಡನೆ. ರಾಣಿ ಸಾಯಬೇಕಿತ್ತೇ?

ಹೆಂಡತಿಯ ಡಯಾಲಿಸಿಸ್ಸಿಗಾಗಿ ತಿಂಗಳುಗಟ್ಟಲೆ ಬಂದುಹೋಗುವ ನಿವೃತ್ತ ಓವರ್ಸಿಯರರೊಬ್ಬರು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಗುಡ್ಡದ ಎತ್ತರ, ಇಳುಕಲಿನ ಕೋನ, ಅರಮನೆಯಿಂದ ಶಿವಗಂಗೆಗೆ ಪಲ್ಲಕ್ಕಿಯಲ್ಲಿ ಹಿಡಿಯುವ ದಿನಗಳು, ಎಲ್ಲದಕ್ಕೂ ಅವರಲ್ಲಿ ಲೆಕ್ಕವಿದೆ. ದ್ವಾರಸಮುದ್ರದಿಂದ ಅಷ್ಟು ದೂರ ಪಟ್ಟದರಾಣಿಯೊಬ್ಬಳು ಹೊರಟರೆ ಜೊತೆಗೆ ನೂರು ಜನವಾದರೂ ಇರುತ್ತಾರೆ, ಅವರೆಲ್ಲರ ಕಣ್ಣು ತಪ್ಪಿಸುವುದು ಹೇಗೆಂಬುದು ಅವರ ಆಕ್ಷೇಪ. ಕೆಳಗೆ ಇನ್ನೊಬ್ಬರು, ‘ಸಾಹೇಬರ, ಇದು ಟೆಂಡರಲ್ಲ, ಕಾದಂಬರಿ’ ಎಂದು ಬರೆದಿದ್ದಾರೆ.

ಸವದತ್ತಿಯ ಕಡೆಯ ರೈತನೊಬ್ಬನಿಗೆ ರಾಣಿಯ ಕುಣಿತದ ಮೇಲೆಯೇ ಅಸಮಾಧಾನ. ರಾಣಿ ಕುಣಿಯುತ್ತ, ರಾಜ ನೋಡುತ್ತ ಕುಳಿತರೆ ತಲಕಾಡನ್ನು ಗೆದ್ದವರು ಯಾರು ಎಂದು ಆತ ಕೇಳುತ್ತಾನೆ. ಪ್ರಶ್ನೆ ಒರಟಾದರೂ ಅದರಲ್ಲಿ ಹುರುಳಿದೆ. 1116ರಲ್ಲಿ ಚೋಳರಿಂದ ತಲಕಾಡನ್ನು ಕಿತ್ತುಕೊಂಡು, ಮಾರನೆಯ ವರ್ಷವೇ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದ ಅರಸನ ಬಾಳಿನ ಬಹುಭಾಗ ಕಳೆದದ್ದು ಕುದುರೆಯ ಮೇಲೆ. ನಾಟ್ಯಮಂಟಪದಲ್ಲಿ ಕಳೆದದ್ದು ಎಷ್ಟು ಸಂಜೆಯೋ! ಐತಿಹಾಸಿಕ ಪ್ರಣಯಕಥೆಗಳ ಅರಸರು ಯುದ್ಧಕ್ಕೆ ಹೋಗುವುದು ಎರಡು ಅಧ್ಯಾಯಗಳ ನಡುವಿನ ಬಿಳಿಯ ಜಾಗದಲ್ಲಿ.

ಖಾನಾಪುರದ ಕಡೆಯ ಗೃಹಸ್ಥರೊಬ್ಬರು ಮರಾಠಿಯಲ್ಲಿ ಅರ್ಧ ಪುಟ ಬರೆದಿದ್ದಾರೆ. ಕನ್ನಡ ಓದಬಲ್ಲರು, ಬರೆಯುವ ರೂಢಿಯಿಲ್ಲ. ಬೆಳಗಾವಿಯಲ್ಲಿ ಇದು ಯಾರಿಗೂ ವಿಚಿತ್ರವಲ್ಲ. ಒಂದೇ ಮಾಡದಲ್ಲಿ ಎರಡು ಭಾಷೆಯ ಪುಸ್ತಕಗಳು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲುವ ಊರು ಇದು. ರಣಜಿತ್ ದೇಸಾಯಿಯವರ ‘ಸ್ವಾಮಿ’ಯನ್ನು ಅವರು ನೆನೆಯುತ್ತಾರೆ. ದೇಸಾಯಿಯವರ ಊರು ಕೋವಾಡ ಇಲ್ಲಿಗೆ ದೂರವಲ್ಲ. 1962ರಲ್ಲಿ ಬಂದ ಆ ಕಾದಂಬರಿಯನ್ನು ಈ ಭಾಗದಲ್ಲಿ ಓದದ ಮರಾಠಿ ಮನೆ ಕಡಿಮೆ. ಪೇಶ್ವೆ ಮಾಧವರಾಯನ ಹಿಂದೆ ಚಿತೆಯೇರಿದ ರಮಾಬಾಯಿಯನ್ನು ಓದಿ ಅತ್ತವರು ಶಾಂತಲೆಯನ್ನೂ ಓದಿ ಅಳಬೇಕೆಂಬುದು ಅವರ ಮಾತು. ಹೋಲಿಕೆ ಸುಂದರ. ಆದರೆ ಒಂದು ಅಂತರ ಅವರ ಲಕ್ಷ್ಯಕ್ಕೆ ಬಂದಂತಿಲ್ಲ. ರಮಾಬಾಯಿ 1772ರಲ್ಲಿ ಥೇವೂರಿನಲ್ಲಿ ಸಹಗಮನ ಮಾಡಿದ್ದು ಇತಿಹಾಸ. ದೇಸಾಯಿಯವರು ಆಕೆಯನ್ನು ಚಿತೆಗೆ ಕಳಿಸಲಿಲ್ಲ, ಚಿತೆಯಲ್ಲಿ ಕಂಡರು. ಶಾಂತಲೆಯನ್ನು ಗುಡ್ಡದಿಂದ ಇಳಿಬಿಟ್ಟದ್ದು ನಂಬಿಕೆ, ಅದಕ್ಕೆ ಸಾಕ್ಷಿ ಕಲ್ಲಿನಲ್ಲಿಲ್ಲ. ಓದುವಾಗ ಬರುವ ಕಣ್ಣೀರಿಗೆ ಈ ಭೇದ ಗೊತ್ತಾಗುವುದಿಲ್ಲವೆಂಬುದೇ ಐತಿಹಾಸಿಕ ಕಾದಂಬರಿಯ ಬಲ ಮತ್ತು ಅಪಾಯ.

ಇದನ್ನು ಕಂಡು ತಳಮಳಿಸಿದವರು ಓಣಿಯ ಕೊನೆಯ ಮನೆಯ ಮಾಸ್ತರರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವರು. ಅಕ್ಕೋರ ಪಡಸಾಲೆಗೆ ಸಂಜೆ ಚಹಾಕ್ಕೆ ಬರುವಾಗ ಒಂದು ದಿನ ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ಯ ಸಂಪುಟಗಳನ್ನು ಚೀಲದಲ್ಲಿ ಹೊತ್ತುಕೊಂಡು ಬಂದು ಮಾಡದಲ್ಲಿ ಇಳಿಸಿದರು. 1978ರಲ್ಲಿ ಪ್ರಕಟವಾದ ಈ ಬೃಹತ್ ಕಾದಂಬರಿಗೆ 1983ರಲ್ಲಿ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿ ಬಂದಿತು. ಆ ಪ್ರಶಸ್ತಿಯನ್ನು ಪಡೆದ ಮೊದಲ ಕೃತಿಯೇ ಅದು. ಶಾಂತಲೆ ಆತ್ಮಹತ್ಯೆ ಮಾಡಿಕೊಂಡಳೆಂಬ ಮಾತನ್ನು ಒಪ್ಪದೆ, ಶಾಸನಗಳನ್ನು ವರ್ಷಗಟ್ಟಲೆ ಸೋಸಿ ಬರೆದವರು ನಾಗರಾಜರಾಯರು. ಅವರ ಶಾಂತಲೆ ಮಕ್ಕಳ ತಾಯಿ. ಸಂತಾನವಿಲ್ಲದ ಕೊರಗಿಗೆ ಗುಡ್ಡ ಹಾರುವ ಹೆಣ್ಣಲ್ಲ.

ನೋಟುಪುಸ್ತಕದ ಹಾಳೆಗಳಲ್ಲಿ ಮಾಸ್ತರರ ಬರಹ ಮೂರು ಪುಟ. ಸಾರಾಂಶ ಇಷ್ಟು. 1130ರ ಹಂತೂರಿನ ಶಾಸನ ವಿಷ್ಣುವರ್ಧನನ ಮಗಳು ಹರಿಯಬ್ಬರಸಿಯನ್ನು ಹೆಸರಿಸುತ್ತದೆ, ಆಕೆಯ ತಮ್ಮ ಕುಮಾರ ಬಲ್ಲಾಳನನ್ನೂ ಹೆಸರಿಸುತ್ತದೆ. ಎಂದರೆ ಶಾಂತಲೆ ತೀರುವ ಮೊದಲೇ ಅರಸನಿಗೆ ಮಗಳಿದ್ದಳು, ಮಗನೂ ಇದ್ದ. ಮುಂದೆ ಪಟ್ಟಕ್ಕೆ ಬಂದದ್ದು ಲಕ್ಷ್ಮಿಯ ಮಗ ನರಸಿಂಹನೆಂಬುದು ನಿಜ. ಅದರಿಂದಲೇ ಹಿಂದಕ್ಕೆ ಕಥೆ ನೇಯ್ದು, ಅವನು ಹುಟ್ಟಲೆಂದೇ ಇವಳು ಸತ್ತಳೆಂದರೆ ಹೇಗೆ? ಇನ್ನು ಶಾಂತಲೆಗಿದ್ದ ಬಿರುದು ಯಾವುದು? ‘ಉದ್ವೃತ್ತ ಸವತಿ ಗಂಧವಾರಣೆ.’ ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ! ಈ ಬಿರುದನ್ನು ಕಲ್ಲಿನಲ್ಲಿ ಕೆತ್ತಿಸಿಕೊಂಡು, ಅದೇ ಹೆಸರಿನ ಬಸದಿಯನ್ನೂ ಕಟ್ಟಿಸಿದ ಹೆಂಗಸು ಸವತಿಗೆ ದಾರಿ ಬಿಡಲು ಗುಡ್ಡದಿಂದ ಹಾರುತ್ತಾಳೆಯೇ?

ಮಾಸ್ತರರ ವಾದ ಗಟ್ಟಿಯಾದದ್ದು. ಬಿರುದಿನ ಮಾತಂತೂ ಕೇಳಿದವರನ್ನು ನಗಿಸಿ ಆಮೇಲೆ ಯೋಚನೆಗೆ ಹಚ್ಚುವಂಥದು. ಅಯ್ಯರವರು ಚಿತ್ರಿಸಿದ ಸಖ್ಯ ಎಷ್ಟೇ ಮನೋಹರವಾಗಿರಲಿ, ಹನ್ನೆರಡನೆಯ ಶತಮಾನದ ರಾಣೀವಾಸ ಆನೆಗಳ ಲಾಯದಷ್ಟೇ ಶಾಂತವಾಗಿತ್ತೆಂದು ಆ ಒಂದು ಬಿರುದೇ ಸಾರುತ್ತದೆ. ಆದರೆ ಪಾಪ, ಮಾಸ್ತರರ ಸಂಪುಟಗಳಿಗೆ ಆ ಕೋಣೆಯಲ್ಲಿ ಓದುಗರು ದೊರೆಯಲಿಲ್ಲ. ಮೊದಲನೆಯ ಸಂಪುಟ ಅರ್ಧವಾಗುವುದರೊಳಗೆ ರೋಗಿ ಗುಣವಾಗಿ ಊರಿಗೆ ಹೋಗುವುದೇ ಹೆಚ್ಚು. ಹಾರುವ ಶಾಂತಲೆ ಎರಡು ರಾತ್ರಿಯಲ್ಲಿ ಮುಗಿಯುತ್ತಾಳೆ. ಹಾರದ ಶಾಂತಲೆಗೆ ಎರಡು ತಿಂಗಳಾದರೂ ಬೇಕು. ಸತ್ಯ ದಪ್ಪವಾಗಿದ್ದಷ್ಟೂ ಅದನ್ನು ಎತ್ತಿಕೊಳ್ಳುವವರು ಕಡಿಮೆಯೇ.

ಹುಬ್ಬಳ್ಳಿಯ ಕಡೆಯ ಹೆಂಗಸೊಬ್ಬರು ಮಾತ್ರ ಇಬ್ಬರು ಕಾದಂಬರಿಕಾರರಿಗೂ ಒಂದು ಪ್ರಶ್ನೆ ಹಾಕಿದ್ದಾರೆ. ‘ಶಾಂತಲೆಯ ತ್ಯಾಗದ ಬಗ್ಗೆ ಎಲ್ಲರೂ ಬರೆದಿದ್ದೀರಿ. ಅವಳು ಸತ್ತ ಮಾರನೆಯ ದಿನ ಲಕ್ಷ್ಮಿಗೆ ಹೇಗಾಗಿರಬೇಕು? ಅವಳನ್ನು ಯಾರಾದರೂ ಕೇಳಿದರೇ?’ ಕೆಳಗೆ ಹೆಸರಿಲ್ಲ, ‘ಲಕ್ಷ್ಮಿಯ ಕಡೆಯವಳು’ ಎಂದಿದೆ. ಈ ಒಂದು ಸಾಲಿಗೆ ಯಾರೂ ಉತ್ತರ ಬರೆದಿಲ್ಲ. ಓವರ್ಸಿಯರರ ಕೆಂಪು ಶಾಯಿ ಕೂಡ ಅದನ್ನು ಬಳಸಿಕೊಂಡು ಮುಂದೆ ಹೋಗಿದೆ.

ಅಕ್ಕೋರು ಸ್ವತಃ ಬಹುಕಾಲ ಒಂದಕ್ಷರವನ್ನೂ ಬರೆಯಲಿಲ್ಲ. ಒಂದು ಸಂಜೆ ಮಾಸ್ತರರು ತಮ್ಮ ಶಾಸನಗಳ ಉತ್ಸಾಹದಲ್ಲಿ, “ಅಕ್ಕೋರ, ನಿಮ್ಮ ತವರಿಗೂ ಇದಕ್ಕೂ ಸಂಬಂಧ ಅದ ನೋಡ್ರಿ. ವಿಷ್ಣುವರ್ಧನ ಗೆದ್ದ ನಾಡುಗಳ ಪಟ್ಟಿಯೊಳಗ ಹಲಸಿಗೆ ಅಂತ ಬರತದ. ಅದ ನಿಮ್ಮ ಹಲಸಿ” ಎಂದರು.

ಖಾನಾಪುರ ತಾಲೂಕಿನ ಹಲಸಿ ಅಕ್ಕೋರ ತವರಿಗೆ ಗಾಡಿಯ ಹಾದಿ. ಕದಂಬರ ಕಾಲದಿಂದ ಹೆಸರಾದ ಊರು. ಹಲಸಿಗೆ ಹನ್ನೆರಡು ಸಾಸಿರವೆಂಬ ನಾಡಿನ ತಲೆಯೂರು. ಗೋವೆಯ ಕದಂಬರು ಆಳುತ್ತಿದ್ದ ಆ ನಾಡಿನ ಮೇಲೆ ಹೊಯ್ಸಳರು ಹಕ್ಕು ಸಾರಿದ್ದು ಅವರ ಶಾಸನಗಳಲ್ಲಿದೆ. ಮಾಸ್ತರರು ಇದನ್ನು ವಿವರಿಸಿ ಮುಗಿಸುವವರೆಗೆ ಸುಮ್ಮನಿದ್ದ ಅಕ್ಕೋರು ಕೇಳಿದರು: “ಅಷ್ಟ ದೂರ ನಮ್ಮೂರ ತನಕಾ ದಂಡ ಕಟಗೊಂಡ ಬಂದಾವಗ ಮನಿಯಾಗಿನ ಹೆಂಡತಿ ಮನಸು ತಿಳೀಲಿಲ್ಲೇನ್ರಿ?”

ಆಮೇಲೆ ಅವರು ಹೇಳಿದ್ದು ಕಾದಂಬರಿಯ ಮಾತಲ್ಲ. ಅವರ ತಂದೆಗೆ ಇಬ್ಬರು ಹೆಂಡಂದಿರು. ಮುಂಬಯಿ ಪ್ರಾಂತದಲ್ಲಿ ಹಿಂದೂಗಳ ದ್ವಿಪತ್ನೀತ್ವವನ್ನು ತಡೆಯುವ ಕಾಯಿದೆ ಬಂದದ್ದು 1946ರಲ್ಲಿ. ಅದಕ್ಕೆ ಐದಾರು ವರ್ಷ ಮೊದಲಿನ ಮದುವೆ ಅದು. ಹಿರಿಯಳಿಗೆ ಮಕ್ಕಳಾಗಲಿಲ್ಲವೆಂದು ಕಿರಿಯಳನ್ನು ತಂದರು. ಕನ್ಯೆಯನ್ನು ನೋಡಲು ಹೋದವರಲ್ಲಿ ಹಿರಿಯ ಹೆಂಡತಿಯೂ ಒಬ್ಬಳು. ಒಲ್ಲೆನೆನ್ನುವ ಅಧಿಕಾರ ಆಕೆಗೆ ಇರಲಿಲ್ಲ. ಒಪ್ಪಿದಳೆಂದು ಊರೆಲ್ಲ ಹೊಗಳಿತು. ದೊಡ್ಡವ್ವನ ಮನಸ್ಸು ದೊಡ್ಡದು ಎಂಬ ಆ ಹೊಗಳಿಕೆಯನ್ನು ಕೇಳಿಕೊಂಡೇ ಆಕೆ ಬತ್ತ ಕುಟ್ಟಿದಳು, ಕಿರಿಯಳ ಬಾಣಂತನ ಮಾಡಿದಳು, ಐದು ಮಕ್ಕಳ ಜಡೆ ಹೆಣೆದಳು. ಅಕ್ಕೋರಿಗೆ ಅಕ್ಷರ ಕಲಿಯಲು ಹಠ ಹಿಡಿದು ಕಳಿಸಿದವಳು ಹೆತ್ತ ತಾಯಿಯಲ್ಲ, ದೊಡ್ಡವ್ವ.

ಹಲಸಿಯ ಭೂವರಾಹ ನರಸಿಂಹನ ಗುಡಿಯಲ್ಲಿ ಎರಡು ಗರ್ಭಗುಡಿಗಳಿವೆ. ಒಂದಕ್ಕೊಂದು ಮುಖ ಮಾಡಿ ನಿಂತಿವೆ. ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ದೊಡ್ಡವ್ವ ನಡುವೆ ನಿಂತು, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಕೈಮುಗಿದು, “ನೋಡ್ರೆವ್ವಾ, ದೇವರಾದ್ರೂ ಒಂದ ಮನಿಯಾಗ ಇಬ್ಬರಿದ್ದರ ದಿನಾ ಬೆಳಗಾದರ ಒಬ್ಬರ ಮಾರಿ ಒಬ್ಬರು ನೋಡಬೇಕಾಗತದ” ಎನ್ನುತ್ತಿದ್ದಳಂತೆ. ಹುಡುಗರು ನಗುತ್ತಿದ್ದರು. ದೊಡ್ಡವ್ವನೂ ನಗುತ್ತಿದ್ದಳು. ಆ ನಗೆಯಲ್ಲಿ ಏನಿತ್ತೆಂಬುದು ಅಕ್ಕೋರಿಗೆ ತಮ್ಮ ಮದುವೆಯಾಗಿ ಹತ್ತು ವರ್ಷದ ಮೇಲೆ ತಿಳಿಯಿತು.

“ಆಕಿ ಬಾವಿಗೆ ಹೋಗಿ ನೀರ ಸೇದಕೊಂಡು ತಿರುಗಿ ಬಂದ್ಲು ನೋಡ್ರಿ, ದಿನಾ. ಎಂಬತ್ತೆರಡು ವರ್ಷ ಬಾಳಿದ್ಲು,” ಎಂದರು ಅಕ್ಕೋರು. “ಆಕಿ ಮ್ಯಾಲ ಯಾರೂ ಪುಸ್ತಕಾ ಬರೀಲಿಲ್ಲ.”

ಮಾಸ್ತರರು ಚಹಾದ ಬಟ್ಟಲನ್ನು ಕೆಳಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ಶಾಸನಗಳಿಗೆ ಉತ್ತರವಿರುವ ಮಾತು ಇದಲ್ಲ. ಮಧ್ಯಯುಗದ ಪ್ರಣಯಕಥೆಗಳಿಗೆ ಸಾಯುವ ಹೆಣ್ಣು ಬೇಕು. ಬದುಕಿ ಉಳಿದವಳ ಕಥೆ ಹಿಟ್ಟು ನಾದುವಾಗ, ಕಾಳು ಹಸನು ಮಾಡುವಾಗ ಹರಿದು ಚೂರಾಗುತ್ತದೆ. ಅಯ್ಯರವರನ್ನು ಇದಕ್ಕಾಗಿ ಹಳಿಯುವುದು ಸಲ್ಲದು. ತಮಗೆ ಸಿಕ್ಕ ಐತಿಹ್ಯವನ್ನು ಅವರು ಪ್ರಾಮಾಣಿಕವಾಗಿ ಪ್ರೀತಿಸಿದರು. ಓದುಗನೂ ಪ್ರೀತಿಸುವಂತೆ ಮಾಡಿದರು. ಅವರ ಶಾಂತಲೆ ಯಾರ ಒತ್ತಾಯಕ್ಕೂ ಮಣಿದು ಸಾಯುವುದಿಲ್ಲ, ತನ್ನ ಹಿರಿಮೆಯಿಂದ ಸಾಯುತ್ತಾಳೆ. ತೊಡಕಿರುವುದು ಆ ಹಿರಿಮೆಯಲ್ಲಿಯೇ. ಕಾದಂಬರಿಯ ಹಿರಿಮೆ ಮನೆಯೊಳಗೆ ಇಳಿದಾಗ, ಮಕ್ಕಳಾಗದ ಸೊಸೆಯ ಎದುರು ಅದನ್ನು ಉದಾಹರಣೆಯಾಗಿ ಎತ್ತಿ ಹಿಡಿಯುವ ನಾಲಗೆಗಳು ನಮ್ಮ ಊರುಗಳಲ್ಲಿ ಇನ್ನೂ ತೀರಿಲ್ಲ.

ಒಂದು ಮಳೆಗಾಲದಲ್ಲಿ ರಾಯಬಾಗದ ಕಡೆಯಿಂದ ಅತ್ತೆಸೊಸೆ ಇಬ್ಬರೇ ಬಂದು ಆ ಕೋಣೆಯನ್ನು ಹಿಡಿದರು. ಸೊಸೆಗೆ ಮದುವೆಯಾಗಿ ಒಂಬತ್ತು ವರ್ಷ. ಸಂತಾನದ ಚಿಕಿತ್ಸೆಗಾಗಿ ಆಗಾಗ ಬರಬೇಕಾಗಿತ್ತು. ಗಂಡನಿಗೆ ಕಬ್ಬಿನ ಕೆಲಸ, ಬಿಡುವಿಲ್ಲ. ಅತ್ತೆಗೆ ಓದು ಬಾರದು. ಸೊಸೆ ಹತ್ತನೆಯ ಇಯತ್ತೆ ಮುಗಿಸಿದವಳು. ಬೆಳಗಾವಿಯ ಮಳೆ ಹಿಡಿದರೆ ಬಿಡುವುದಲ್ಲ. ರಾತ್ರಿ ಹೊತ್ತು ಹೋಗದೆ ಸೊಸೆ ‘ಶಾಂತಲಾ’ವನ್ನು ಗಟ್ಟಿಯಾಗಿ ಓದತೊಡಗಿದಳು. ಪಡಸಾಲೆಯ ಮಂಚದ ಮೇಲೆ ಮಲಗಿದ್ದ ಅಕ್ಕೋರಿಗೂ ಗೋಡೆಯ ಈಚೆ ಅದು ಕೇಳಿಸುತ್ತಿತ್ತು. ಅತ್ತೆ ನಡುನಡುವೆ ತಡೆದು ಕೇಳುವಳು. ರಾಜ ಈಗ ಎಲ್ಲಿದ್ದಾನೆ? ಆ ಲಕ್ಷ್ಮಿ ಇವಳಿಗೆ ಏನಾಗಬೇಕು? ರಾಣಿಗೆ ಮಕ್ಕಳೆಷ್ಟು? ಕೊನೆಯ ಪ್ರಶ್ನೆಗೆ ಸೊಸೆ ತಡವರಿಸಿ, ಪುಟ ತಿರುವಿದ ಸಪ್ಪಳವಾಯಿತು.

ಮೂರನೆಯ ರಾತ್ರಿ ಕೊನೆಯ ಅಧ್ಯಾಯ. ಓದು ನಿಧಾನವಾಯಿತು. ಅಕ್ಕೋರಿಗೆ ಆ ಪುಟಗಳು ಬಾಯಿಪಾಠ. ಬೆಟ್ಟ ಬಂದಿತು. ರಾಣಿ ಹತ್ತಿದಳು. ಅಲ್ಲಿಗೆ ದನಿ ನಿಂತಿತು. ಹೆಂಚಿನ ಮೇಲೆ ಮಳೆ ಮಾತ್ರ ಕೇಳುತ್ತಿತ್ತು.

“ಮುಂದ ಏನಾತ?” ಎಂದಳು ಅತ್ತೆ.

“ಗುಡ್ಡದ ಮ್ಯಾಲ ನಿಂತ್ಲ್ರಿ ಅತ್ತಿ. ಊರು ಕೇರಿ ಎಲ್ಲಾ ನೋಡಿದ್ಲು.”

“ಆಮ್ಯಾಲ?”

“ಆಮ್ಯಾಲ ಇಳದ ಬಂದ್ಲು.”

“ಸುಮ್ನ?”

“ಹೂಂ ರೀ. ದೇವರಿಗೆ ಕೈ ಮುಗದು, ಇಳದ ಮನಿಗೆ ಬಂದ್ಲು. ರಾಜಾ ಅಂಗಳದಾಗ ದಾರಿ ಕಾಯ್ಕೋತ ನಿಂತಿದ್ದ.”

ಅತ್ತೆ ಸ್ವಲ್ಪ ಹೊತ್ತು ಯೋಚಿಸಿದಳೆಂದು ತೋರುತ್ತದೆ. ಆಮೇಲೆ, “ಚಲೋ ಆತು. ದೀಪಾ ಆರಿಸು, ನಾಳೆ ಲಗೂ ಏಳಬೇಕು” ಎಂದಳು. ಅಕ್ಕೋರು ಗೋಡೆಯ ಈಚೆ ಮಗ್ಗಲು ಬದಲಿಸಲಿಲ್ಲ. ಮಂಚ ಕಿರುಗುಟ್ಟೀತೆಂಬ ಅಂಜಿಕೆ.

ಮರುದಿನ ಬಾಡಿಗೆ ಲೆಕ್ಕ ಮಾಡುವಾಗ ಅತ್ತೆ ಹಿಂದಿನ ಹಾಳೆಗಳನ್ನು ಕಂಡು, ಇವರೆಲ್ಲ ಏನು ಬರೆದಿದ್ದಾರೆಂದು ವಿಚಾರಿಸಿದಳು. ಪುಸ್ತಕ ಹೇಗಿದೆಯೆಂದು ಬರೆದಿದ್ದಾರೆ ಎಂದರು ಅಕ್ಕೋರು. ಹಾಗಾದರೆ ತನ್ನದೂ ಒಂದು ಬರೆಯಿರೆಂದು ಆಕೆ ಹೇಳಿದಳು. ಸೊಸೆ ಚೀಲದ ಬಾಯಿ ಕಟ್ಟುತ್ತ ತಲೆಯೆತ್ತಲಿಲ್ಲ. ಅಕ್ಕೋರು ಕನ್ನಡಕ ಹಾಕಿಕೊಂಡು, ಆ ಹಾಳೆಗಳಲ್ಲಿ ಮೊದಲ ಬಾರಿಗೆ, ತಮ್ಮ ದುಂಡಾದ ಅಕ್ಷರಗಳ ಶಾಲೆಯ ಬರಹದಲ್ಲಿ, ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದರು: ‘ಪುಸ್ತಕ ಚಲೋ ಐತಿ. ರಾಣಿ ಶ್ಯಾಣೇ ಹೆಣಮಗಳು. ಗುಡ್ಡಾ ಹತ್ತಿ ಹೊಳ್ಳಿ ಬಂದ್ಲು.’ ಕೆಳಗೆ ಆಕೆಯ ಹೆಬ್ಬೆಟ್ಟಿನ ಗುರುತನ್ನೂ ಹಾಕಿಸಿದರು.

ಎರಡು ತಿಂಗಳ ನಂತರ ಅದರ ಪಕ್ಕದಲ್ಲಿ ಕೆಂಪು ಶಾಯಿ ಕಾಣಿಸಿಕೊಂಡಿತು. ‘ಈ ಅಭಿಪ್ರಾಯ ಕೊಟ್ಟವರು ಪುಸ್ತಕವನ್ನು ಓದಿಲ್ಲ. ದಯವಿಟ್ಟು ತೆಗೆದುಹಾಕಬೇಕು.’ ಅಕ್ಕೋರು ತೆಗೆದುಹಾಕಲಿಲ್ಲ.